ಫೋಟೋ ಒಂದು ಪೆಟ್ಟಿಗೆ, ನೆಗೆಟಿವ್ ಇನ್ನೊಂದು, ನಂಬರ್ ಮಾತ್ರ ಒಂದೇ: ಹಳೆಯ ಫೋಟೋ ಜೋಡಿಸಿಡುವ ಸಮಗ್ರ ಮಾರ್ಗದರ್ಶಿ

ಅಜ್ಜಿಯ ವೈಕುಂಠ ಸಮಾರಾಧನೆಗೆ ಇನ್ನು ಐದು ದಿನ ಇತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಲು ಒಂದು ಒಳ್ಳೆಯ ಫೋಟೋ ಬೇಕಿತ್ತು. ಎಲ್ಲರಿಗೂ ನೆನಪಾಗಿದ್ದು ಒಂದೇ: ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ತಲೆ ಎತ್ತಿ ನಕ್ಕ ಫೋಟೋ. ಆಲ್ಬಮ್‌ನಲ್ಲಿ ಅದು ಸಿಕ್ಕಿತು. ಆದರೆ ಬಣ್ಣವೆಲ್ಲ ಕೆಂಪಡರಿತ್ತು, ಕೆನ್ನೆಯ ಮೇಲೆ ಬೂಷ್ಟಿನ ಚುಕ್ಕೆ. 'ನೆಗೆಟಿವ್ ಇದ್ದೇ ಇರತ್ತೆ ಬಿಡು' ಅಂದರು ಚಿಕ್ಕಪ್ಪ, ಅಂದರೆ ಪ್ರಿಂಟ್ ಹಾಕಲು ಬೇಕಾದ ಮೂಲ ಫಿಲ್ಮ್. ಇತ್ತು, ನಿಜ. ಟ್ರಂಕಿನಲ್ಲಿದ್ದ ನಲವತ್ತೊಂದು ಕವರ್‌ಗಳ ಪೈಕಿ ಯಾವುದರಲ್ಲೋ.

ಮೂರು ರಾತ್ರಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಚಿಕ್ಕಪ್ಪನ ಕಾಲೇಜು ಟೂರಿನ ಕವರ್‌ನಲ್ಲಿ. ಯಾರೋ ಯಾವಾಗಲೋ ಇನ್ನೊಂದು ಕಾಪಿ ಹಾಕಿಸಲು ತೆಗೆದುಕೊಂಡು ಹೋಗಿ, ವಾಪಸ್ ಬಂದಾಗ ಕೈಗೆ ಸಿಕ್ಕ ಕವರ್‌ಗೆ ತುರುಕಿದ್ದರು. ಆ ವರ್ಷದ ಚಳಿಗಾಲದಲ್ಲಿ ಕೂತು ಇಡೀ ಟ್ರಂಕನ್ನು ಜೋಡಿಸಿದೆ. ಸುಮಾರು ಎರಡು ತಿಂಗಳ ಭಾನುವಾರಗಳು ಹೋದವು. ನಾನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ, ಮಾಡಿದ ತಪ್ಪುಗಳನ್ನೂ ಸೇರಿಸಿ.

ಒಂದೇ ಕವರ್‌ನಲ್ಲಿ ಯಾಕೆ ಬೇಡ?

ಫೋಟೋ ಮತ್ತು ಅದರ ನೆಗೆಟಿವ್ ಒಟ್ಟಿಗೇ ಇರಬೇಕು ಅಂತ ಅನ್ನಿಸುವುದು ಸಹಜ. ಲ್ಯಾಬ್‌ನವರೂ ಹಾಗೇ ಕೊಡುತ್ತಿದ್ದರಲ್ವಾ, ಮುಂದಿನ ಜೇಬಿನಲ್ಲಿ ನೆಗೆಟಿವ್, ಒಳಗೆ ಫೋಟೋ. ಆದರೆ ಫೋಟೋ ಇರುವುದು ನೋಡಲು. ಹಬ್ಬಕ್ಕೆ ಬಂದವರು ತೆಗೆಯುತ್ತಾರೆ, ಮಕ್ಕಳು ಮುಟ್ಟುತ್ತಾರೆ. ಪ್ರತಿ ಸಲ ಕವರ್ ಬಿಚ್ಚಿದಾಗಲೂ ನೆಗೆಟಿವ್ ಪಟ್ಟಿ ಜಾರಿ ಬೀಳುತ್ತದೆ, ಗೀಚಿಹೋಗುತ್ತದೆ, ಕಳೆಯುತ್ತದೆ. ಇನ್ನೊಂದು, ಅಟ್ಟ ಸೋರಿದರೆ ಎರಡೂ ಒಟ್ಟಿಗೇ ಹೋಗುತ್ತವೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ ಕಡೆ ನೀರು ನುಗ್ಗಿದಾಗ ಎಷ್ಟು ಮನೆಗಳ ಆಲ್ಬಮ್‌ಗಳು ಹೋಗಿರಬಹುದು, ಯೋಚಿಸಿ.

ಹಾಗಾಗಿ ಎರಡನ್ನೂ ಬೇರೆ ಬೇರೆ ಇಡಿ. ನಂಬರ್ ಮಾತ್ರ ಒಂದೇ ಕೊಡಿ. ಆ ನಂಬರನ್ನು ನೆಗೆಟಿವ್‌ನಿಂದ ತೆಗೆದುಕೊಳ್ಳಬೇಕು, ಫೋಟೋದಿಂದ ಅಲ್ಲ. ಉಳಿದದ್ದೆಲ್ಲ ಇದರ ವಿವರ ಅಷ್ಟೇ.

1. ಕಾಲ, ಜಾಗ, ಕೈ

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಫೋಟೋ ಮತ್ತು ಫಿಲ್ಮ್ ಎರಡರ ಮೇಲೂ ಇರುವ ಪದರ ಜೆಲಾಟಿನ್. ಅದು ತೇವ ಹೀರಿ ಮೆತ್ತಗಾಗುತ್ತದೆ, ಬೆರಳಿನ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಸಮಯ. ಕರಾವಳಿಯವರೂ ಅದೇ ದಿನಗಳನ್ನು ಹಿಡಿಯಿರಿ. ಕಲಬುರಗಿ, ರಾಯಚೂರಿನವರಿಗೆ ತೇವದ ಕಾಟ ಕಡಿಮೆ, ಧೂಳು ಮತ್ತು ಬಿಸಿಲಿನದ್ದೇ ಜಾಸ್ತಿ.

ದೊಡ್ಡ ಮೇಜಿನ ಮೇಲೆ ಒಗೆದ ಬಿಳಿ ಪಂಚೆ ಹಾಸಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಪಟ್ಟಿಗಳು ಹಾರುತ್ತವೆ. ಕಾಫಿ ಲೋಟ ಆ ಮೇಜಿನ ಹತ್ತಿರಕ್ಕೂ ಬರಬಾರದು. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಕ್ರೀಮ್ ಹಚ್ಚಿದ ಕೈ ಬೇಡ. ನೆಗೆಟಿವ್‌ಗೆ ತೆಳ್ಳಗಿನ ನೈಟ್ರೈಲ್ ಗ್ಲೌಸ್ ಇದ್ದರೆ ಒಳ್ಳೆಯದು. ಹೇಗಿದ್ದರೂ ಅಂಚಿನಲ್ಲಷ್ಟೇ ಹಿಡಿಯಬೇಕು.

2. ಒಟ್ಟುಗೂಡಿಸಿ, ವಿಂಗಡಿಸಬೇಡಿ

ನಾನು ಮಾಡಿದ ಮೊದಲ ತಪ್ಪು ಇದೇ. ಉತ್ಸಾಹದಲ್ಲಿ ಎಲ್ಲ ಕವರ್ ಬಿಚ್ಚಿ 'ಮದುವೆ', 'ನಾಮಕರಣ', 'ಪ್ರವಾಸ' ಅಂತ ಗುಡ್ಡೆ ಹಾಕಿದೆ. ಎರಡು ಗಂಟೆಯಲ್ಲಿ ಮೂವತ್ತು ವರ್ಷದ ಸುಳಿವನ್ನೆಲ್ಲ ಕಲಸಿಬಿಟ್ಟೆ.

ಲ್ಯಾಬಿನ ಹಳೆಯ ಕವರ್ ಕಸವಲ್ಲ. ಅದರ ಮೇಲೆ ಬಿಲ್ ನಂಬರ್, ತಾರೀಕು, ಹೆಸರು, ಎಷ್ಟು ಕಾಪಿ ಅನ್ನುವುದು ಇರುತ್ತದೆ. ಕೆಲವು ಲ್ಯಾಬ್‌ಗಳು ರೋಲಿನ ತುದಿಗೆ ಒಂದು ಪುಟ್ಟ ನಂಬರ್ ಸ್ಟಿಕರ್ ಅಂಟಿಸಿ, ಅದೇ ನಂಬರನ್ನು ಕವರ್‌ಗೂ ಅಂಟಿಸುತ್ತಿದ್ದವು. ತಪ್ಪಿಹೋದ ಪಟ್ಟಿಯೊಂದು ಯಾವ ಕವರಿನದ್ದು ಅಂತ ಅಷ್ಟರಿಂದಲೇ ಗೊತ್ತಾಗಬಹುದು. ಮೊದಲು ಪ್ರತಿ ಕವರಿನ ಮುಂಭಾಗವನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಳಗೆ ಇದ್ದದ್ದು ಇದ್ದ ಹಾಗೇ ಇರಲಿ.

ಈಗ ಮಾಡಬೇಕಾದ್ದು ನಾಲ್ಕು ಗುಂಪು: ಕವರ್ ಸಮೇತ ಇರುವ ನೆಗೆಟಿವ್‌ಗಳು, ಬಿಡಿ ನೆಗೆಟಿವ್‌ಗಳು, ಬಿಡಿ ಫೋಟೋಗಳು, ಆಲ್ಬಮ್‌ಗಳು. ಆಲ್ಬಮ್ ಸದ್ಯಕ್ಕೆ ಮುಟ್ಟಬೇಡಿ.

3. ಮೂಸಿ ನೋಡಿ

ತಮಾಷೆ ಅಲ್ಲ. ಹಳೆಯ ಫಿಲ್ಮ್‌ಗಳಲ್ಲಿ ಬಹುಪಾಲು ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನದ್ದು. ತೇವ ಮತ್ತು ಸೆಕೆಯಲ್ಲಿ ಅದು ಕೆಡಲು ಶುರುವಾದರೆ ಅಸಿಟಿಕ್ ಆಮ್ಲ ಬಿಡುತ್ತದೆ. ಗೋಬಿ ಮಂಚೂರಿ ಗಾಡಿಯ ಹತ್ತಿರ ಬರುತ್ತದಲ್ಲ, ಆ ವಿನಿಗರ್ ಹುಳಿ ವಾಸನೆ. ಮುಚ್ಚಿದ ಡಬ್ಬಿಯಲ್ಲಿ ಆ ಆಮ್ಲವೇ ಕೆಡುವ ವೇಗ ಹೆಚ್ಚಿಸುತ್ತದೆ, ಪಕ್ಕದಲ್ಲಿರುವ ಒಳ್ಳೆಯ ಫಿಲ್ಮನ್ನೂ ಕೆಡಿಸುತ್ತದೆ. ಒಂದು ಹುಳುಕು ಬದನೆಕಾಯಿ ಬುಟ್ಟಿಯನ್ನೆಲ್ಲ ಹಾಳು ಮಾಡಿದ ಹಾಗೆ. ವಾಸನೆ ಬಂದ ಪಟ್ಟಿಗಳನ್ನು ಬೇರೆ ತೆಗೆದು ಕಾಗದದ ಕವರ್‌ನಲ್ಲಿ ಗಾಳಿಯಾಡುವಂತೆ ಇಡಿ. ಸ್ಕ್ಯಾನ್ ಮಾಡುವಾಗ ಇವುಗಳದ್ದೇ ಮೊದಲ ಸರದಿ. ಸುರುಟಿಕೊಂಡಿದ್ದರೆ ಬಲವಂತವಾಗಿ ಬಿಡಿಸಬೇಡಿ.

1950ರ ಸುಮಾರಿಗಿಂತ ಹಳೆಯ ನೆಗೆಟಿವ್ ಸಿಕ್ಕಿ, ಅಂಚಿನಲ್ಲಿ 'ಸೇಫ್ಟಿ' ಅಂತ ಇಲ್ಲದಿದ್ದರೆ ಅದು ನೈಟ್ರೇಟ್ ಫಿಲ್ಮ್ ಇರಬಹುದು. ಸುಲಭವಾಗಿ ಬೆಂಕಿ ಹತ್ತುವ ವಸ್ತು ಅದು. ಅಂಟಂಟಾಗಿ ಹಳದಿ, ಕಂದು ತಿರುಗಿದ್ದರೆ ಮನೆಯಲ್ಲಿ ಪ್ರಯೋಗ ಮಾಡದೆ, ಬೆಂಕಿಯಿಂದ ದೂರ ತಂಪಾದ ಕಡೆ ಇಟ್ಟು, ತಿಳಿದವರಿಗೆ ತೋರಿಸಿ.

ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವ ಆಸೆ ಬೇಡವೇ ಬೇಡ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗಿ ಚಿತ್ರವೇ ಎದ್ದು ಬರುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ ಕೂತು ಮೃದುವಾದ ಬ್ರಷ್‌ನಲ್ಲಿ ಕೊಡವಿ.

4. ನೆಗೆಟಿವ್ ಓದುವುದು

ಇದೇ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ನೆಗೆಟಿವ್‌ಗೆ ಒಂದು ಬದಿ ಹೊಳಪು, ಒಂದು ಬದಿ ಮಂಕು. ಚಿತ್ರ ಇರುವುದು ಮಂಕು ಬದಿಯಲ್ಲಿ, ಅದನ್ನು ಮುಟ್ಟಬಾರದು. ಅಂಚಿನ ಅಕ್ಷರಗಳು ಸರಿಯಾಗಿ ಓದಲು ಬಂದರೆ ಹೊಳಪಿನ ಬದಿ ನಿಮ್ಮ ಕಡೆ ಇದೆ ಅಂತ ಅರ್ಥ.

ಆ ಅಂಚಿನಲ್ಲಿ ಫಿಲ್ಮ್ ಕಂಪನಿಯ ಹೆಸರು ಇರುತ್ತದೆ. ಜೊತೆಗೆ ಫ್ರೇಮ್ ನಂಬರ್, ಅಂದರೆ ರೋಲಿನಲ್ಲಿ ಅದು ಎಷ್ಟನೇ ಚಿತ್ರ ಅನ್ನುವುದು: 1, 1ಎ, 2, 2ಎ ಹೀಗೆ. ಮಾಮೂಲಿ 35 ಎಂಎಂ ಅಗಲದ ರೋಲನ್ನು ಲ್ಯಾಬಿನವರು ನಾಲ್ಕು, ಐದು ಅಥವಾ ಆರು ಫ್ರೇಮಿನ ಪಟ್ಟಿಗಳಾಗಿ ಕತ್ತರಿಸುತ್ತಿದ್ದರು. ಬಿಡಿ ಪಟ್ಟಿಗಳನ್ನು ಮತ್ತೆ ಒಂದು ರೋಲಾಗಿಸಲು ಮೂರು ವಿಷಯ ನೋಡಿ. ಫಿಲ್ಮಿನ ಹೆಸರು ಒಂದೇ ಇದೆಯಾ? ನಂಬರ್ ಮುಂದುವರಿಯುತ್ತದಾ? ಉದ್ದಕ್ಕೆ ಹೋದ ಗೀರು ಒಂದು ಪಟ್ಟಿಯಿಂದ ಮುಂದಿನ ಪಟ್ಟಿಗೆ ಅದೇ ಎತ್ತರದಲ್ಲಿ ಹಾಯುತ್ತದಾ? ಕ್ಯಾಮೆರಾ ಒಳಗಿನ ಒಂದು ಮರಳಿನ ಕಣ ಇಡೀ ರೋಲನ್ನು ಗೀಚಿರುತ್ತದೆ. ಅವತ್ತು ಬೇಜಾರು ಮಾಡಿದ್ದ ಆ ಗೀರು ಇವತ್ತು ಉಪಕಾರಕ್ಕೆ ಬಂತು.

ಚೌಕ ಆಕಾರದ ದೊಡ್ಡ ಕಪ್ಪು ಬಿಳುಪು ನೆಗೆಟಿವ್ ಸಿಕ್ಕರೆ ಅದು ಹೆಚ್ಚಾಗಿ 120 ಅನ್ನುವ ಅಗಲ ಫಿಲ್ಮ್. ಅಪ್ಪನ ಕಾಲದಲ್ಲಿ ಬಹಳ ಜನರ ಹತ್ತಿರ ಇದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇದನ್ನೇ ಬಳಸುತ್ತಿತ್ತು, ರೋಲಿಗೆ ಹನ್ನೆರಡೇ ಫೋಟೋ. ಆಲ್ಬಮ್‌ನಲ್ಲಿರುವ ಅಂಗೈಗಿಂತ ಚಿಕ್ಕ ಚೌಕ ಫೋಟೋಗಳು ಬಹಳಷ್ಟು ಸಲ ಈ ನೆಗೆಟಿವ್‌ನ ಅಳತೆಯಲ್ಲೇ ಹಾಕಿಸಿದ ಕಾಂಟ್ಯಾಕ್ಟ್ ಪ್ರಿಂಟ್‌ಗಳು. ನೆಗೆಟಿವ್ ಮೇಲೆ ಇಟ್ಟರೆ ಅಳತೆ ಕೂಡುತ್ತದೆ.

ಇಲ್ಲೊಂದು ಮಾತು. ರೋಲನ್ನು ಸಂದರ್ಭದ ಪ್ರಕಾರ ಒಡೆಯಬೇಡಿ. ಆಗ ಫಿಲ್ಮ್ ದುಬಾರಿ. ದೀಪಾವಳಿಗೆ ಹಾಕಿದ ರೋಲು ಯುಗಾದಿಗೆ ಮುಗಿಯುತ್ತಿತ್ತು. ನಮ್ಮ 14ನೇ ರೋಲಿನಲ್ಲಿ ಫ್ರೇಮ್ 20ರಲ್ಲಿ ಗೋಪೂಜೆ ಇದೆ. 22ರಲ್ಲಿ ಅಜ್ಜಿ ಅಡಿಕೆ ಸುಲಿಯುತ್ತಿದ್ದಾರೆ. 23ರಲ್ಲಿ ಹೊಸ ಸ್ಕೂಟರ್, ಮುಂದಕ್ಕೆ ಹೂವಿನ ಹಾರ. ಸ್ಕೂಟರ್ ತಂದ ವರ್ಷ ಅದರ ಆರ್‌ಸಿ ಪುಸ್ತಕದಲ್ಲಿತ್ತು. ಹಾಗೆ ಅಜ್ಜಿಯ ಫೋಟೋಗೂ ತಾರೀಕು ಸಿಕ್ಕಿತು. ರೋಲನ್ನು ಒಡೆದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

5. ನಂಬರ್ ಕೊಡುವುದು

ತುಂಬಾ ಜನ ವರ್ಷವನ್ನೇ ನಂಬರ್ ಮಾಡುತ್ತಾರೆ. ನನಗೆ ಅದು ಒಗ್ಗಲಿಲ್ಲ. ಅರ್ಧ ರೋಲುಗಳ ವರ್ಷ ಗೊತ್ತಿರುವುದಿಲ್ಲ. ಆಮೇಲೆ ಗೊತ್ತಾದಾಗ ಎಲ್ಲ ಅಳಿಸಿ ಬರೆಯಬೇಕು. ಸುಮ್ನೆ 001ರಿಂದ ಸಾಲಾಗಿ ಕೊಡುತ್ತಾ ಹೋಗಿ. ಯಾವ ಕವರ್ ಮೊದಲು ಕೈಗೆ ಬಂತೋ ಅದು 001. ತಾರೀಕು, ಊರು, ಹೆಸರು ಎಲ್ಲ ಒಂದು ನೋಟ್‌ಬುಕ್‌ನಲ್ಲಿ, ಅದೇ ರಿಜಿಸ್ಟರ್, ಅದರ ವಿವರ ಕೊನೆಯಲ್ಲಿದೆ.

ರೋಲ್ ನಂಬರ್ ಆದಮೇಲೆ ಅಡ್ಡಗೆರೆ, ಆಮೇಲೆ ಫ್ರೇಮ್ ನಂಬರ್. ಅಜ್ಜಿಯ ಫೋಟೋ 014-22. ಕೆಲವು ಕ್ಯಾಮೆರಾದಲ್ಲಿ ಚಿತ್ರ 22 ಮತ್ತು 22ಎ ನಡುವೆ ಬಿದ್ದಿರುತ್ತದೆ. ಯಾವುದು ಬರೆಯಬೇಕು? ಯಾವುದಾದರೂ ಸರಿ, ಆದರೆ ಆ ರೋಲ್ ಪೂರ್ತಿ ಒಂದೇ ಪದ್ಧತಿ ಇರಲಿ. ನೆಗೆಟಿವ್ ಮೇಲೆ ಮಾತ್ರ ಏನೂ ಬರೆಯಬಾರದು. ಬರೆಯುವುದು ಅದರ ಹೊದಿಕೆಯ ಮೇಲೆ, ಅದೂ ಒಳಗೆ ಪಟ್ಟಿ ಇಡುವುದಕ್ಕೆ ಮೊದಲು.

ನೆಗೆಟಿವ್ ಇಲ್ಲದ ಫೋಟೋಗಳೂ ಇರುತ್ತವೆ. ಮದುವೆ ಫೋಟೋಗಳು ಹೆಚ್ಚಾಗಿ ಹೀಗೇ, ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. ನಮ್ಮ ಅಪ್ಪ ಅಮ್ಮನ ಮದುವೆಯದ್ದು ಕೇಳಲು ಹೋದರೆ ಆ ಜಾಗದಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ ಇತ್ತು. ಇಂಥವಕ್ಕೆ 'ಪ' ಸೇರಿಸಿ: ಪ-001, ಪ-002. ಮುಂದೆ ಯಾವತ್ತಾದರೂ ನೆಗೆಟಿವ್ ಸಿಕ್ಕರೆ ರಿಜಿಸ್ಟರ್‌ನಲ್ಲಿ ಪಕ್ಕಕ್ಕೆ ಬರೆದರಾಯಿತು.

6. ಫೋಟೋಗೆ ಜೊತೆ ಹುಡುಕುವುದು

ನೆಗೆಟಿವ್ ನೋಡಿ ಮುಖ ಗುರುತಿಸುವುದು ಕಷ್ಟ. ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ಇದಕ್ಕೊಂದು ಸುಲಭ ಉಪಾಯ ಇದೆ. ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಏರಿಸಿ. ಪಟ್ಟಿಯನ್ನು ಪರದೆಗೆ ತಾಗಿಸದೆ ಎರಡು ಇಂಚು ಎತ್ತರದಲ್ಲಿ ಹಿಡಿಯಿರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಕಲರ್ ಇನ್ವರ್ಷನ್ ಆನ್ ಮಾಡಿ, ಐಫೋನಿನಲ್ಲಿ ಅದಕ್ಕೆ ಕ್ಲಾಸಿಕ್ ಇನ್ವರ್ಟ್ ಅಂತ ಹೆಸರು. ಈಗ ಕ್ಯಾಮೆರಾ ತೆರೆದು ನೋಡಿದರೆ ನೆಗೆಟಿವ್ ಫೋಟೋ ಆಗಿ ಕಾಣುತ್ತದೆ. ಕಲರ್ ನೆಗೆಟಿವ್‌ನ ಕಿತ್ತಳೆ ಬಣ್ಣದಿಂದಾಗಿ ಎಲ್ಲರೂ ನೀಲಿಯಾಗಿ ಕಾಣುತ್ತಾರೆ, ಪರವಾಗಿಲ್ಲ, ಯಾರು ಅಂತ ಗೊತ್ತಾದರೆ ಸಾಕು. ನಮ್ಮ ಅಮ್ಮ ಈ ಆಟಕ್ಕೆ ಕೂತವರು ರಾತ್ರಿ ಊಟಕ್ಕೂ ಏಳಲಿಲ್ಲ.

ಅದಕ್ಕೂ ಮೊದಲು ಫೋಟೋದ ಹಿಂಬದಿ ನೋಡಿ. 90ರ ದಶಕದಿಂದೀಚಿನ ಅನೇಕ ಕಲರ್ ಫೋಟೋಗಳ ಹಿಂದೆ ಮಷೀನೇ ತಿಳಿಯಾಗಿ ಒಂದು ಸಾಲು ಅಚ್ಚು ಹಾಕಿರುತ್ತದೆ, ಅದರಲ್ಲಿ ಫ್ರೇಮ್ ನಂಬರ್ ಇರುವುದುಂಟು. ಓರೆ ಬೆಳಕಿನಲ್ಲಿ ಹಿಡಿದರೆ ಕಾಣುತ್ತದೆ. ಆದರೆ ಮುಂಬದಿಯ ಮೂಲೆಯಲ್ಲಿ ಕ್ಯಾಮೆರಾ ಹಾಕಿದ ಕಿತ್ತಳೆ ತಾರೀಕನ್ನು ಪೂರ್ತಿ ನಂಬಬೇಡಿ. ಸೆಲ್ ಬದಲಿಸಿದ ಮೇಲೆ ತಾರೀಕು ಸರಿ ಮಾಡಿದವರು ಎಷ್ಟು ಜನ?

ಫೋಟೋದಲ್ಲಿ ಕಾಣುವುದು ನೆಗೆಟಿವ್‌ನಲ್ಲಿ ಇರುವುದಕ್ಕಿಂತ ಕಡಿಮೆ ಅನ್ನುವುದೂ ನೆನಪಿರಲಿ. 35 ಎಂಎಂ ಫ್ರೇಮಿನ ಅಳತೆ 36 ಗುಣಿಸು 24 ಮಿಲಿಮೀಟರ್. ಇದು ಮ್ಯಾಕ್ಸಿ ಸೈಜಿಗೆ, ಅಂದರೆ 6 ಗುಣಿಸು 4 ಇಂಚಿಗೆ ಸರಿಯಾಗಿ ಕೂರುತ್ತದೆ. 7 ಗುಣಿಸು 5ಕ್ಕೆ ಹಾಕಿಸಿದರೆ ಬದಿಯಲ್ಲಿ ಸ್ವಲ್ಪ ಹೋಗುತ್ತದೆ. ಅಜ್ಜಿಯ ಫೋಟೋದ ನೆಗೆಟಿವ್‌ನಲ್ಲಿ ಎಡ ಅಂಚಿಗೆ ಒಂದು ಮೊಣಕೈ, ಕೈಯಲ್ಲಿ ಎಲೆಯಡಿಕೆ ತಟ್ಟೆ. ಅಜ್ಜ. ಫೋಟೋ ತೆಗೆಸಿಕೊಳ್ಳುವುದೆಂದರೆ ಎದ್ದು ಹೋಗುತ್ತಿದ್ದವರು, ಅವತ್ತು ಪೂರ್ತಿ ಎದ್ದು ಹೋಗಿರಲಿಲ್ಲ.

7. ಹಿಂಬದಿ ಬರೆಯುವುದು

ಹಳೆಯ ಕಪ್ಪು ಬಿಳುಪು ಫೋಟೋದ ಹಿಂಬದಿ ಮಾಮೂಲಿ ಕಾಗದದ ಹಾಗಿದ್ದರೆ 2ಬಿ ಅಥವಾ 4ಬಿ ಪೆನ್ಸಿಲ್ ಸಾಕು. ಗಟ್ಟಿ ಗಾಜಿನ ಮೇಲೆ ಮುಖ ಕೆಳಗೆ ಮಾಡಿ, ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಎಪ್ಪತ್ತರ ದಶಕದಿಂದೀಚಿನ ಬಹುತೇಕ ಕಲರ್ ಫೋಟೋಗಳ ಹಿಂಬದಿ ಪ್ಲಾಸ್ಟಿಕ್‌ನಂತೆ ನುಣುಪು, ಅಲ್ಲಿ ಪೆನ್ಸಿಲ್ ಹತ್ತುವುದಿಲ್ಲ. ಅದಕ್ಕೆ ಸಣ್ಣ ಮೊನೆಯ ಪಿಗ್ಮೆಂಟ್ ಇಂಕ್ ಪೆನ್ ಬಳಸಿ, ಪೂರ್ತಿ ಒಣಗುವ ತನಕ ಒಂದರ ಮೇಲೊಂದು ಇಡಬೇಡಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತದೆ. ಬರೆಯುವುದು ನಂಬರ್ ಮಾತ್ರ. ಕಥೆಗೆ ರಿಜಿಸ್ಟರ್ ಇದೆ.

8. ಹೊದಿಕೆ

ಒಂದೇ ನಿಯಮ: ಪಿವಿಸಿ ಬೇಡ. ಹೊಸ ರೇನ್‌ಕೋಟಿನ ಹಾಗೆ ವಾಸನೆ ಬರುವ ಪ್ಲಾಸ್ಟಿಕ್ ಆದರೆ ವಾಪಸ್ ಕೊಡಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಅಥವಾ ಪಾಲಿಯೆಸ್ಟರ್ ಆಗಬಹುದು. ನೆಗೆಟಿವ್ ಇಡಲೆಂದೇ ಏಳು ಸಾಲು ಜೇಬಿನ ಪುಟಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. 36 ಫ್ರೇಮಿನ ಒಂದು ರೋಲು ಆರರ ಪಟ್ಟಿಗಳಾಗಿದ್ದರೆ ಒಂದು ಪುಟದಲ್ಲಿ ಮುಗಿಯುತ್ತದೆ, ಒಂದು ಸಾಲು ಉಳಿಯುತ್ತದೆ. ನಾಲ್ಕರ ಪಟ್ಟಿಗೆ ಎರಡು ಪುಟ ಬೇಕು. ಪುಟ ಉಳಿಸಲು ಅಂತ ಪಟ್ಟಿಯನ್ನು ಮತ್ತೆ ಕತ್ತರಿಸಬೇಡಿ.

ಮಲೆನಾಡು, ಕರಾವಳಿಯಲ್ಲಿ ಪ್ಲಾಸ್ಟಿಕ್‌ಗಿಂತ ಆಮ್ಲರಹಿತ ಕಾಗದದ ಕವರ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ತೇವದಲ್ಲಿ ಪ್ಲಾಸ್ಟಿಕ್ ಮತ್ತು ಫಿಲ್ಮ್ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಕಾಗದದ ಕವರ್‌ನಲ್ಲಿ ಅಂಟಿಸಿದ ಜಾಯಿಂಟು ಬದಿಯಲ್ಲಿರಲಿ, ಮಧ್ಯದಲ್ಲಿ ಬೇಡ. ಮಂಕು ಬದಿ ಆ ಅಂಟಿನಿಂದ ಆಚೆಗಿರಲಿ. ರಬ್ಬರ್ ಬ್ಯಾಂಡ್, ಗುಂಡುಪಿನ್ನು, ಸೆಲ್ಲೋಟೇಪ್, ಇವೆಲ್ಲ ನಿಷೇಧ.

9. ಹಳೆಯ ಸ್ಟಿಕ್ಕರ್ ಆಲ್ಬಮ್

ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಗೆರೆ ಗೆರೆ ಅಂಟು. ಈ ಆಲ್ಬಮ್‌ಗಳ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೋದ ಹಿಂಬದಿಯನ್ನು ತಿನ್ನುತ್ತದೆ. ಮೊದಲು ಪುಟವನ್ನು ಇದ್ದ ಹಾಗೇ ಫೋನಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಹಲ್ಲು ಶುಚಿ ಮಾಡುವ ಫ್ಲಾಸ್ ದಾರವನ್ನು ಫೋಟೋದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸ ಎಳೆದ ಹಾಗೆ ನಿಧಾನಕ್ಕೆ ಈ ಕಡೆ ಆ ಕಡೆ ಎಳೆಯುತ್ತಾ ಹೋಗಿ. ಬರಲಿಲ್ಲವೋ, ಬಿಟ್ಟುಬಿಡಿ. ಕಟ್ಟಿನ ಗಾಜಿಗೆ ಅಂಟಿದ ಫೋಟೋವೂ ಅಷ್ಟೇ, ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ನಾನು ಒಂದನ್ನು ಕೀಳಲು ಹೋಗಿ ಸೋದರಮಾವನ ಹಣೆಯನ್ನು ಗಾಜಿಗೇ ಬಿಟ್ಟಿದ್ದೇನೆ.

10. ಎಲ್ಲಿಡಬೇಕು?

ಅಟ್ಟ ಬೇಡ, ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಕುದಿಯುತ್ತದೆ. ನೆಲ ಬೇಡ, ಗೆದ್ದಲು. ಅಡುಗೆಮನೆ, ಬಚ್ಚಲುಮನೆಯ ಗೋಡೆಗೆ ತಾಗಿದ ಜಾಗ ಬೇಡ. ಮನೆಯ ನಡುವಿನ ಕೋಣೆಯಲ್ಲಿ, ಹೊರಗೋಡೆಗೆ ತಾಗದ ಸ್ಟೀಲ್ ಬೀರುವಿನ ಮಧ್ಯದ ಖಾನೆ ಒಳ್ಳೆಯದು. ಗಾಳಿಯ ತೇವ 65 ಶೇಕಡ ದಾಟಿದರೆ ಬೂಷ್ಟಿಗೆ ಹಬ್ಬ. 30ರಿಂದ 50ರ ಒಳಗೆ ಇದ್ದರೆ ಆರಾಮ. ಅಳೆಯಲು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಸಿಗುತ್ತದೆ, ಒಂದು ತಂದು ಬೀರುವಿನಲ್ಲಿಡಿ.

ಮಳೆಗಾಲ ಶುರುವಾಗುವ ಮೊದಲು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಕಿತ್ತಳೆ ಬಣ್ಣದ್ದು ತೇವ ಹೀರಿದ ಮೇಲೆ ಹಸಿರಾಗುತ್ತದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಬಣ್ಣ ಮರಳುತ್ತದೆ, ಮತ್ತೆ ಬಳಸಬಹುದು. ವಿನಿಗರ್ ವಾಸನೆಯ ಫಿಲ್ಮನ್ನು ಮಾತ್ರ ಇಂಥ ಡಬ್ಬಿಗೆ ಸೇರಿಸಬೇಡಿ. ಡಾಂಬರು ಗುಳಿಗೆ ಸೀರೆಗಳಿಗೆ ಇರಲಿ, ಫೋಟೋ ಹತ್ತಿರ ಬೇಡ, ಅದರ ಆವಿ ಪ್ಲಾಸ್ಟಿಕ್‌ಗೂ ಫಿಲ್ಮ್‌ಗೂ ಒಳ್ಳೆಯದಲ್ಲ.

ಫ್ರಿಜ್‌ನಲ್ಲಿಟ್ಟರೆ ಕಲರ್ ನೆಗೆಟಿವ್ ಹೆಚ್ಚು ಕಾಲ ಬಾಳುತ್ತದೆ ಅನ್ನುವುದು ನಿಜ. ಆದರೆ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ, ದೋಸೆ ಹಿಟ್ಟಿನ ಪಕ್ಕ, ನಾನು ಆ ಧೈರ್ಯ ಮಾಡಿಲ್ಲ.

ಫೋಟೋ ಪೆಟ್ಟಿಗೆ ನಮ್ಮ ಮನೆಯಲ್ಲಿದೆ. ನೆಗೆಟಿವ್ ಫೈಲ್ ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿದೆ. ರಿಜಿಸ್ಟರಿನ ಜೆರಾಕ್ಸ್ ಎರಡೂ ಕಡೆ ಇದೆ.

11. ಸ್ಕ್ಯಾನ್ ಮತ್ತು ರಿಜಿಸ್ಟರ್

ಸ್ಕ್ಯಾನ್ ಬಗ್ಗೆ ಚುಟುಕಾಗಿ: ಫೋಟೋಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ), 35 ಎಂಎಂ ನೆಗೆಟಿವ್‌ಗೆ 2400 ಡಿಪಿಐ ಇಟ್ಟರೆ ಮನೆಮಟ್ಟಿಗೆ ಸಾಕು. 2400ರಲ್ಲಿ ಒಂದು ಫ್ರೇಮ್ ಸುಮಾರು 3400 ಗುಣಿಸು 2270 ಪಿಕ್ಸೆಲ್ ಬರುತ್ತದೆ. ಫೈಲಿನ ಹೆಸರೂ ಅದೇ ನಂಬರ್, 014-22. ಸ್ಕ್ಯಾನ್ ಆಯಿತು ಅಂತ ನೆಗೆಟಿವ್ ಎಸೆಯಬೇಡಿ.

ರಿಜಿಸ್ಟರ್‌ಗೆ ಉದ್ದ ಗೆರೆಯ ನೋಟ್‌ಬುಕ್ಕೇ ಸಾಕು. ಒಂದು ರೋಲಿಗೆ ಎದುರುಬದುರು ಎರಡು ಪುಟ. ಮೇಲೆ ಕವರಿನ ವಿವರ, ಕೆಳಗೆ ಫ್ರೇಮಿಗೆ ಒಂದು ಸಾಲು: ಯಾರು, ಎಲ್ಲಿ, ಯಾವಾಗ, ಫೋಟೋ ಇದೆಯಾ, ಯಾರಿಗಾದರೂ ಕೊಟ್ಟಿದೆಯಾ. ಆ ಕೊನೆಯ ಕಾಲಮ್ ಮರೆಯಬೇಡಿ. ನಮ್ಮ ಮೂರು ರಾತ್ರಿ ಹೋಗಿದ್ದು ಅದು ಇಲ್ಲದೇ ಇದ್ದದ್ದಕ್ಕೆ.

ಹೆಸರುಗಳನ್ನು ತುಂಬಿಸಲು ಮನೆಯಲ್ಲಿ ಕಾರ್ಯ ಇದ್ದಾಗ ಫೋಟೋ ಪೆಟ್ಟಿಗೆ ಹೊರಗೆ ತನ್ನಿ. ಊಟ ಆದಮೇಲೆ ಹಿರಿಯರ ಮುಂದೆ ಇಟ್ಟು, ರಿಜಿಸ್ಟರ್ ಹಿಡಿದು ಪಕ್ಕದಲ್ಲಿ ಕೂರಿ. ಹೆಸರುಗಳನ್ನು ಮಾತ್ರ ಪೆನ್ಸಿಲಿನಲ್ಲೇ ಬರೆದುಕೊಳ್ಳಿ. 009-31ರಲ್ಲಿ ಬಾವಿಕಟ್ಟೆಯ ಹತ್ತಿರ ನಿಂತ ಹುಡುಗಿ ಯಾರು ಅಂತ ನಮ್ಮ ದೊಡ್ಡತ್ತೆ ಇಲ್ಲಿಯವರೆಗೆ ಮೂರು ಹೆಸರು ಹೇಳಿದ್ದಾರೆ. ಚಿಕ್ಕತ್ತೆ ಅದು ತಾನೇ ಅನ್ನುತ್ತಾರೆ.